ಕಷಾಯದೊಳಗಿನ ಚಾ

"ಟೀ ಕುಡಿಯಲ್ವಾ? ಹಂಗಾದ್ರೆ ಮನೆಗೆ ಬಂದವ್ರಿಗೆ ಏನವ್ವಾ ಕೊಡ್ತೀರಾ, ನೀರಾ?"

ತುಮಕೂರಿನ ಬಟವಾಡಿಯಲ್ಲಿ ಬಾಡಿಗೆಗೆ ಹಿಡಿದ ಮಹಡಿಮನೆಯಲ್ಲಿ ಹಾಲುಕ್ಕಿಸಿದ ದಿನವೇ ಓನರ್ ಗಂಗಮ್ಮನವರು ಹೀಗೆ ಕೇಳಿದರು. ಕೈಯಲ್ಲಿ ತುಂಬಿದ ಲೋಟ, ಮುಖದಲ್ಲಿ ಗಾಬರಿ. ಕುಮಟೆಯ ನಮ್ಮ ಮನೆಯಲ್ಲಿ ಬಂದವರಿಗೆ ಕಷಾಯ. ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿ ಕುದಿಸಿದ್ದು. ಚಾ ಪುಡಿಯನ್ನು ಅಮ್ಮ ಹೊಸಿಲು ದಾಟಿಸಿದವಳಲ್ಲ.

ಗಂಡನಿಗೆ ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ, ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಯೇ ಮುಖ ಕಾಣುವುದು. ನಾನು ಮೂರು ತಿಂಗಳ ಬಸುರಿ. ಮೀನಿಲ್ಲ, ಕುಚ್ಚಲಕ್ಕಿ ಗಂಜಿಯಿಲ್ಲ, ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತರೆ ಗಂಗಮ್ಮನವರು "ಬುಡವ್ವ ಬುಡು" ಅನ್ನುವರು. ಇಲ್ಲಿ 'ಬಿಡು' ಅನ್ನುವುದೇ ಹಾಗೆ, ಬೈಗುಳವಲ್ಲ, ಸಮಾಧಾನ ಎಂದು ತಿಳಿಯಲು ವಾರ ಬೇಕಾಯಿತು. ಅವರು ಕುಣಿಗಲ್ ಕಡೆಯವರು, ಮಾತು ಒರಟು, ಕೈ ದೊಡ್ಡದು.

ರಕ್ತ ಒಂಬತ್ತಿದೆ, ಕಡಿಮೆ ಅಂದರು ಡಾಕ್ಟರಮ್ಮ. ಕಬ್ಬಿಣದ ಮಾತ್ರೆ ಕೊಟ್ಟು, ಅದರ ಜೊತೆ ಟೀ ಮಾತ್ರ ಮುಟ್ಟಬೇಡಿ, ಟೀ ಕಬ್ಬಿಣವನ್ನು ಮೈಗೆ ಹತ್ತಿಸೋದಿಲ್ಲ ಎಂದರು. ಹೊಗೆ, ವಾಸನೆ ಯಾವುದೂ ಸೇರದೆ ನಾನು ಒಲೆಯ ಹತ್ತಿರ ಹೋಗುವ ಹಾಗಿರಲಿಲ್ಲ. ಅಮ್ಮ ಕಳಿಸಿದ ಕಷಾಯದ ಪುಡಿಯ ಡಬ್ಬಿಯನ್ನು ಗಂಗಮ್ಮನವರ ಕೈಗೇ ಕೊಟ್ಟು, ಟೀ ಪುಡಿ ಮಾತ್ರ ಬೇಡ ಎಂದು ಬಿಡಿಸಿ ಹೇಳಿದೆ.

"ಹಾಕಲ್ಲ ಕಣವ್ವ, ನಿನ್ನಾಣೆ."

ದಿನವೂ ತಿಂಡಿಗೆ ಒಂದು, ನಾಲ್ಕು ಗಂಟೆಗೆ ಇನ್ನೊಂದು ಲೋಟ ಮೇಲೆ ಬರುತ್ತಿತ್ತು. ಆಹಾ, ಎಂಥಾ ರುಚಿ! ಗಟ್ಟಿ ಹಾಲು, ಶುಂಠಿ, ಏಲಕ್ಕಿ. ಕುಡಿದರೆ ಹೊಟ್ಟೆ ತುಂಬಿ ಊಟವೇ ಬೇಡ ಅನ್ನಿಸುವುದು. ಬೆಳಗಿನ ಲೋಟದ ಜೊತೆ ಮಾತ್ರೆ ನುಂಗುತ್ತಿದ್ದೆ. ಎರಡು ತಿಂಗಳಾದ ಮೇಲೆ ನೋಡಿದರೆ ರಕ್ತ ಎಂಟೂವರೆಗೆ ಇಳಿದಿದೆ! "ಹಿಂಗೇ ಆದ್ರೆ ಹೆರಿಗೆ ಹೊತ್ತಿಗೆ ರಕ್ತ ಕೊಡಬೇಕಾಗುತ್ತೆ. ಟೀ ಕುಡೀತಿದೀರಾ?" ಎಂದರು ಡಾಕ್ಟರಮ್ಮ. ದೇವರಾಣೆ ಇಲ್ಲ ಅಂದೆ.

ಆಮೇಲೆ ತಮ್ಮನ ಮದುವೆಗೆಂದು ಊರಿಗೆ ಹೋದೆನಲ್ಲ, ಮೊದಲ ದಿನವೇ ನಾಲ್ಕು ಗಂಟೆಗೆ ತಲೆ ಸಿಡಿಯತೊಡಗಿತು. ಅಮ್ಮನ ಕಷಾಯ ಕುಡಿದೆ. ಸಪ್ಪೆ! ಎರಡನೇ ದಿನವೂ ಅದೇ. ಅಮ್ಮ ನನ್ನ ಮುಖವನ್ನೇ ನೋಡಿ ಹೇಳಿದಳು, "ತಂಗಿ, ನಿಂಗೆ ಯಾರೋ ಚಾ ಹಿಡಿಸಿದ್ದಾರೆ." ನಮ್ಮ ಕಡೆ ಮಗಳನ್ನು ಮುದ್ದಿಗೆ ಕರೆಯುವುದೇ ತಂಗಿ ಎಂದು.

ವಾಪಸು ಬಂದವಳು ಬ್ಯಾಗು ಇಳಿಸಿ ನೇರ ಗಂಗಮ್ಮನವರ ಅಡುಗೆಮನೆಗೆ ಹೋದೆ. ನಾನು ಬರುವ ಹೊತ್ತಿಗೆಂದು ಕುದಿಯಲಿಟ್ಟ ಹಾಲಿಗೆ ಅಮ್ಮನ ಪುಡಿ ಬಿತ್ತು, ಹಿಂದೆಯೇ ಟೀ ಪುಡಿಯೂ ಬಿತ್ತು.

"ಆಣೆ ಇಟ್ಟಿದ್ರಲ್ಲ!" ಎಂದು ಕಿರುಚಿಬಿಟ್ಟೆ.

"ಒಂದ್ ಚಿಟಿಕೆ ಕಣವ್ವ. ಬಸುರಿ ಹೆಂಗ್ಸಿಗೆ ಬರೀ ಕೊತ್ತಂಬರಿ ನೀರು ಕೊಟ್ಟು ಕಳ್ಸಕ್ಕೆ ನಂಗೆ ಮನ್ಸಾದ್ರೂ ಬರುತ್ತಾ? ಹಾಲು ಐತೆ, ಶುಂಠಿ ಐತೆ, ಒಳ್ಳೇದಲ್ವಾ?"

ಅವರ ಕಣ್ಣಲ್ಲಿ ನೀರು. ನಾನು ತಿರುಗಿಯೂ ನೋಡದೆ ಮಹಡಿ ಹತ್ತಿದೆ. ನಂಬಿ ಕೆಟ್ಟೆ ಎಂದು ಇಡೀ ದಿನ ಅತ್ತೆ. ಮರುದಿನ ಡಾಕ್ಟರಮ್ಮನ ಹತ್ತಿರ ಎಲ್ಲವನ್ನೂ ತೋಡಿಕೊಂಡರೆ ಅವರು ಕೇಳಿದ್ದು ಒಂದೇ, "ಹಾಲಿನ ಜೊತೆ ಯಾಕಮ್ಮ ನುಂಗಿದ್ರಿ? ಹಾಲು ಮೂಳೆಗೆ ಒಳ್ಳೇದು, ಆದ್ರೆ ಈ ಮಾತ್ರೆಗೆ ಅದೂ ಅಡ್ಡಾನೇ. ಟೀ ಹಾಕದಿದ್ರೂ ತೊಂದರೆಯೇ. ಸಿಹಿ ಹಾಲಲ್ಲಿ ಹೊಟ್ಟೆ ತುಂಬ್ಸಿಕೊಂಡು ಸೊಪ್ಪು ಕಾಳು ಬಿಟ್ರೆ ರಕ್ತ ಎಲ್ಲಿಂದ ಬರುತ್ತೆ?" ಅಂದರೆ ಅಮ್ಮನ ಕಷಾಯವೂ ನನಗೆ ಕೈ ಕೊಡುತ್ತಿತ್ತು! ಯಾರ ಮೇಲೆ ಸಿಟ್ಟು ಮಾಡಲಿ?

ಈಗ ಮಾತ್ರೆಗೆ ನಿಂಬೆ ನೀರು. ವಾಸನೆಯ ಕಾಟ ನಿಂತು ಒಲೆ ನಾನೇ ಹಚ್ಚುತ್ತೇನೆ. ಊಟಕ್ಕೆ ಸೊಪ್ಪಿನ ಸಾರು, ಮುದ್ದೆ, ಅದೂ ಇಳಿಯುತ್ತಿದೆ. ರಕ್ತ ಹತ್ತೂವರೆಗೆ ಏರಿದೆ. ಗಂಗಮ್ಮನವರು ತಿಂಗಳಿಂದ ಮಹಡಿ ಹತ್ತಿಲ್ಲ. ನಾನೂ ಇಳಿದಿಲ್ಲ. ಬರುವ ವಾರ ಹೆರಿಗೆಗೆ ಊರಿಗೆ ಹೊರಡಬೇಕು.

ನಿನ್ನೆ ನಾಲ್ಕು ಗಂಟೆಗೆ ಕೆಳಗಿನಿಂದ ಆ ಘಮ ಬಂತು. ತಡೆಯಲಾಗಲಿಲ್ಲ. ಊಟ, ಮಾತ್ರೆ ಎರಡೂ ಆಗಿ ಎಷ್ಟೋ ಹೊತ್ತಾಗಿತ್ತು. ಮದುವೆಗೆ ಹೋದಾಗ ಅಮ್ಮ ಕಟ್ಟಿಕೊಟ್ಟ ಪುಡಿಯಲ್ಲಿ ಕಷಾಯಕ್ಕಿಟ್ಟು, ಗಂಡನಿಗೆಂದು ತಂದ ಡಬ್ಬಿಯಿಂದ ಚಿಟಿಕೆ ಟೀ ಪುಡಿ ಹಾಕಿದೆ. ಅಷ್ಟರಲ್ಲಿ ಅಮ್ಮನ ಫೋನು.

"ಚಾ ಪುಡಿ ಹಾಕ್ತಿಲ್ಲ ಅಲ್ದಾ, ತಂಗಿ?"

"ಹಾಕಲ್ಲ ಕಣಮ್ಮ," ಅಂದೆ, "ನಿನ್ನಾಣೆ."