ಕೊರ್ನೇಯ್ ವೈಬೆಯವರ ದ್ರಾಕ್ಷಾರಸ

ನಮ್ಮ ಕ್ರೈಸ್ತ ಸಭೆಯ ಪ್ರಭುಭೋಜನಕ್ಕೆ ದ್ರಾಕ್ಷಾರಸ ಮಾಡುತ್ತಿದ್ದವರು ಕೊರ್ನೇಯ್ ವೈಬೆ. ಅದನ್ನು ಕುಡಿಯದೆ ಉಳಿದವರೂ ಅವರೊಬ್ಬರೇ.

ಬಿಷ್ಕೆಕ್ ಬಳಿಯ ಚುಯ್ ಕಣಿವೆಯ ನಮ್ಮೂರಿನಿಂದ, ಹಿರಿಯರ ನಾಡೆಂದು ಜರ್ಮನಿಗೆ ಹೋಗುವವರೆಲ್ಲ ಹೋಗಿ, ಉಳಿದ ನಾವು ಗಂಡಸರು ಮೂರು ಬೆಂಚು, ಹೆಂಗಸರು ಐದು ಬೆಂಚು. ತಿಂಗಳ ಮೊದಲ ಭಾನುವಾರ ಒಂದೇ ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ. ಅದರ ಹೊರಗೆ ಆ ದ್ರಾಕ್ಷಾರಸವನ್ನು ಯಾರೂ ಬಾಯಿಗೆ ಹಾಕುವುದಿಲ್ಲ. ಯಾರೊಡನಾದರೂ ಮುನಿಸಿದ್ದರೆ ಶನಿವಾರವೇ ಅವರ ಬಾಗಿಲಿಗೆ ಹೋಗಿ ರಾಜಿಯಾಗಬೇಕು. ಆಗದಿದ್ದರೆ ಬಟ್ಟಲನ್ನು ತುಟಿಗೆ ತಾಗಿಸದೆ ಪಕ್ಕದವರಿಗೆ ದಾಟಿಸಬೇಕು. ಕೊರ್ನೇಯ್ ಅವರ ಪಕ್ಕದವನು ನಾನು. ವರ್ಷಗಟ್ಟಲೆ ಅವರು ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ನನಗೆ ದಾಟಿಸಿದರು. ಎಂಥ ದೈವಭಕ್ತಿ ಎಂದು ಹೆಂಗಸರ ಬೆಂಚುಗಳು ನಿಟ್ಟುಸಿರು ಬಿಡುತ್ತಿದ್ದವು. ನನಗಂತೂ ಮೈ ಉರಿಯುತ್ತಿತ್ತು.

ಮುನಿಸು ಬೇಲಿಯಾಚೆಯ ಅಬ್ರಾಮ್ ತೀಸೆನ್ ಮೇಲೆ. ಯಾವುದೋ ಬೇಸಿಗೆಯಲ್ಲಿ ತಮ್ಮ ಸರದಿಯ ಕಾಲುವೆ ನೀರನ್ನು ಅವನು ತಿರುಗಿಸಿಕೊಂಡನೆಂದು ಇವರ ದೂರು. ಹಾಗೆಂದು ರಾಜಿಗೆ ಹೋಗುವುದನ್ನು ಒಂದು ತಿಂಗಳೂ ತಪ್ಪಿಸಿದವರಲ್ಲ.

"ಅಬ್ರಾಮ, ನೀನು ನನ್ನ ನೀರು ಕದ್ದಿದ್ದನ್ನ ಕ್ಷಮಿಸಿದೀನಿ ಕಣಯ್ಯ."

"ನಾನೆಲ್ಲಿ ಕದ್ದೆ ಅಣ್ಣ?"

"ನೋಡು, ಒಪ್ಕೊಳ್ಳೋದೇ ಇಲ್ಲ. ಹಿಂಗಾದ್ರೆ ನಾಳೆ ನಾನು ಹೆಂಗೆ ಕುಡೀಲಿ?"

ಹಳೆಯ ಜಗಳ ತೀರಿಸಲು ಹೋದವರು ಹೊಸದೊಂದನ್ನು ಹೊತ್ತುಕೊಂಡು ಮನೆಗೆ ಬರುತ್ತಿದ್ದರು.

ಈ ವಸಂತದಲ್ಲಿ ಅವರ ಎದೆ ಕೈಕೊಟ್ಟಿತು. ಬಿಷ್ಕೆಕ್‌ನ ವೈದ್ಯರು ಅವರ ಹೆಂಡತಿ ಅಗಾತಕ್ಕನನ್ನು ಪಕ್ಕಕ್ಕೆ ಕರೆದು, ಚಳಿಗಾಲ ದಾಟುವುದು ಕಷ್ಟವೆಂದರು. ಊರಿಗೆ ಬಂದ ಮೇಲೆ ಕೊರ್ನೇಯ್ ನನ್ನ ಕೈ ಹಿಡಿದು, "ಹೋಗೋಕೆ ಮುಂಚೆ ಒಂದ್ಸಲ ಕುಡೀಬೇಕು ಕಣೋ, ಒಂದೇ ಒಂದ್ಸಲ" ಎಂದರು. ಅದು ನಾಟಕವಲ್ಲ. ನನ್ನ ಸಿಟ್ಟೆಲ್ಲ ಇಳಿಯಿತು.

ಅಗಾತಕ್ಕ ಬೇಲಿಯ ಬಳಿ ನಿಂತು ಅಬ್ರಾಮನೆದುರು ಅತ್ತಳೆಂದು ಕಾಣುತ್ತದೆ. ಆ ತಿಂಗಳ ಪ್ರಭುಭೋಜನದ ಹಿಂದಿನ ಶನಿವಾರ ನಾನೂ ಕೊರ್ನೇಯ್ ಅವರೂ ದ್ರಾಕ್ಷಾರಸ ಸೋಸುತ್ತಿದ್ದಾಗ ಅವನೇ ಟೋಪಿ ತೆಗೆದು ಒಳಗೆ ಬಂದ.

"ಅಣ್ಣ, ಆ ನೀರು ಕದ್ದಿದ್ದು ನಾನೇ. ತಪ್ಪಾಯ್ತು."

ಕೊರ್ನೇಯ್ ಸೋಸುವ ಬಟ್ಟೆಯನ್ನು ಕೆಳಗಿಟ್ಟರು. ಅಬ್ರಾಮ್ ಬಗ್ಗಿ ನಮ್ಮ ರೂಢಿಯಂತೆ ಅವರಿಗೆ ಮುತ್ತಿಟ್ಟ. ಅಗಾತಕ್ಕ ಆ ಸಂಜೆ ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು.

ಭಾನುವಾರ ಬಟ್ಟಲು ಬಂತು. ಕೊರ್ನೇಯ್ ಅದನ್ನು ತುಟಿಯವರೆಗೂ ಎತ್ತಿದರು. ಆಚೆ ಬದಿಯಲ್ಲಿ ಅಗಾತಕ್ಕ ಕತ್ತು ಚಾಚಿ ನೋಡುತ್ತಿದ್ದಳು. ಬಟ್ಟಲು ಅಲ್ಲೇ ನಿಂತಿತು.

"ಅವನು ಕದ್ದಿಲ್ಲ ಕಣೋ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನನ್ನ ಕಡೆ ಬದುವಲ್ಲೇ ಹೆಗ್ಗಣ ಬಿಲ ತೋಡಿತ್ತು. ನೀರೆಲ್ಲ ಅದರಲ್ಲಿ ಹೋಗಿತ್ತು. ಆ ವರ್ಷಾನೇ ಮುಚ್ಚಿದೀನಿ."

"ಗೊತ್ತಿದ್ದೂ ಇಷ್ಟು ವರ್ಷ ಸುಮ್ನಿದ್ರಾ?"

"ಅದಿರ್ಲಿ. ಇವನು ಸುಳ್ಳು ಹೇಳಿದಾನಲ್ಲ. ಸುಳ್ಳು ಹೇಳಿದೋನ ಜೊತೆ ಒಂದೇ ಬಟ್ಟಲಲ್ಲಿ ಹೆಂಗೆ ಕುಡೀಲಿ?"

"ಕ್ಷಮೆ ಕೇಳ್ಬೇಕಾದೋರು ನೀವು. ಹಿಂದಿನ ಬೆಂಚಲ್ಲೇ ಇದಾನೆ, ತಿರುಗಿ ಒಂದು ಮಾತು ಹೇಳಿ ಕುಡೀರಿ."

ಅವರು ಸುತ್ತ ನೋಡಿದರು. ಸಭೆಗೆ ಸಭೆಯೇ ಅವರನ್ನು ನೋಡುತ್ತಿತ್ತು.

"ಇಷ್ಟು ಜನರ ಮುಂದೆಯಾ?" ಎಂದರು. ಕಣ್ಣಲ್ಲಿ ನೀರು ತುಂಬಿಕೊಂಡು ಬಟ್ಟಲನ್ನು ನನಗೆ ದಾಟಿಸಿದರು. ಹೆಂಗಸರ ಬೆಂಚುಗಳು ನಿಟ್ಟುಸಿರು ಬಿಟ್ಟವು. ಅಗಾತಕ್ಕ ಮಾತ್ರ ತಲೆ ತಗ್ಗಿಸಿದಳು.

ಮಧ್ಯಾಹ್ನ ಅವರ ಮನೆಯಲ್ಲೇ ನಮಗೆ ಶಾವಿಗೆ ಸಾರಿನ ಊಟ. ಅಬ್ರಾಮನೂ ಇದ್ದ. ಪ್ರತಿ ತಿಂಗಳೂ ಕೇಳುವಂತೆ ಕೊರ್ನೇಯ್ ಹೆಂಡತಿಯನ್ನು ಕೇಳಿದರು:

"ಈ ಸಲದ್ದು ಹೆಂಗಿತ್ತೇ? ಹುಳಿ ಬಂದಿತ್ತಾ?"

"ಊರವರಿಗೆಲ್ಲ ಗೊತ್ತು ಅದರ ರುಚಿ. ಮಾಡಿದೋರಿಗೊಬ್ಬರಿಗೆ ಗೊತ್ತಿಲ್ಲ" ಎಂದಳು ಅಗಾತಕ್ಕ.

ಕೊರ್ನೇಯ್ ತಟ್ಟೆಗೆ ಇನ್ನಷ್ಟು ಸಾರು ಬಡಿಸಿಕೊಂಡರು. "ಹಂಗಾದ್ರೆ ಬರೋ ವರ್ಷ ಹಣ್ಣು ಇನ್ನೂ ಸ್ವಲ್ಪ ಮಾಗೋಕೆ ಬಿಡ್ತೀನಿ" ಎಂದರು.

ಅಗಾತಕ್ಕ ಚಮಚ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಸಾರು ಆರುವವರೆಗೂ ಹೊರಗೆ ಬರಲಿಲ್ಲ.