ಬಂಗಲೆಯ ಕೊಲೆಯನ್ನು ರಿಪೇರಿ ಮಾಡಿದವರು

ನೆರೆಮನೆಯ ಮಾವನ ಕೈಗಳು ಮಣಿಕಟ್ಟಿನವರೆಗೂ ನೀಲಿಯಾಗಿದ್ದವು. ದೊಡ್ಡಬಳ್ಳಾಪುರದಲ್ಲಿ ಹಗಲು ನೇಕಾರರ ನೂಲಿಗೆ ಬಣ್ಣ ಹಾಕುವುದು, ಸಂಜೆ ಊರಾಚೆಯ ಸಿನಿಮಾ ಟೆಂಟಿನಲ್ಲಿ ಪರದೆಯ ಪಕ್ಕ ಕೋಲು ಹಿಡಿದು ನಿಂತು ಇಂಗ್ಲಿಷ್ ಚಿತ್ರಗಳ ಕಥೆಯನ್ನು ಕನ್ನಡದಲ್ಲಿ ಹೇಳುವುದು ಅವರ ಕೆಲಸ. ಇಂಗ್ಲಿಷ್ ಅಷ್ಟೇನೂ ಬರುತ್ತಿರಲಿಲ್ಲ. "ಮುಖ ನೋಡಿದ್ರೆ ಮಾತು ಗೊತ್ತಾಗ್ತದೆ ಕಣಪ್ಪಾ" ಎನ್ನುತ್ತಿದ್ದರು. ಎಷ್ಟೋ ಇಂಗ್ಲಿಷ್ ದೊರೆಗಳು ನಮಗೆ ಪಟೇಲರಾಗಿಯೇ ಪರಿಚಯ.

ನೋಡಿದ ಚಿತ್ರಗಳ ಗುಣದೋಷಗಳನ್ನು ನಾನು ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಡುತ್ತೇನೆ. ಮೊನ್ನೆಮೊನ್ನೆ ಮುಗಿದ ಮಹಾಯುದ್ಧದ ಕಾಲದಲ್ಲಿ ನೋಡಿದ, ಹಳ್ಳಿಯ ಬಂಗಲೆಯೊಂದರಲ್ಲಿ ಕೊಲೆ ನಡೆಯುವ ಚಿತ್ರಕ್ಕೆ ದೋಷಗಳ ಪಟ್ಟಿಯೇ ಉದ್ದ. ಸಾರೋಟು, ಮೇಣದಬತ್ತಿಗಳ ಹಳೆಯ ಕಾಲದ ಕಥೆ. ಅಷ್ಟು ದೊಡ್ಡ ಮನೆಯಲ್ಲಿ ಅಡುಗೆಯವರೇ ಕಾಣುವುದಿಲ್ಲ, ಊಟ ಮಾತ್ರ ಬರುತ್ತಲೇ ಇರುತ್ತದೆ. ಯಜಮಾನ ಸತ್ತರೂ ಯಾರೂ ಅಳುವುದಿಲ್ಲ.

ರೀಲುಗಳ ಪೆಟ್ಟಿಗೆ ಬಂದದ್ದೇ ಆಟದ ಹೊತ್ತಿಗೆ. ಹೀಗಾಗಿ ಮಾವ ಚಿತ್ರವನ್ನು ಮೊದಲೇ ನೋಡಿರಲಿಲ್ಲ. ಬಂಗಲೆಯ ಆಡಳಿತ ನೋಡುವ ಮೀಸೆಯ ಪಾರುಪತ್ಯಗಾರನೇ ಕೊಲೆಗಾರನೆಂದು ಊಹಿಸಿ ಅವನನ್ನು ಬಯ್ಯುತ್ತ ಹೋದರು. ಜನರೂ ಬಯ್ದರು. ಕೊನೆಯಲ್ಲಿ ಮಹಡಿಯ ಬಾಗಿಲು ತೆರೆಯಿತು. ಅದುವರೆಗೆ ಮುಖವನ್ನೇ ತೋರಿಸದಿದ್ದ ಯಜಮಾನನ ತಂಗಿ ಹೊರಬಂದಳು. ಪೊಲೀಸರು ಅವಳಿಗೆ ಬೇಡಿ ಹಾಕಿದರು.

"ಏನಣ್ಣೋ, ಪಾಪ, ಪಾರುಪತ್ಯಗಾರನ ಮಾನ ಕಳೆದ್ಬಿಟ್ಯಲ್ಲ" ಎಂದು ಮುಂದೆ ಕೂತವನೊಬ್ಬ ಕೂಗಿದ. ಟೆಂಟೆಲ್ಲ ನಕ್ಕಿತು. ಟೆಂಟಿನ ಮಾಲೀಕ ನಗಲಿಲ್ಲ. "ನಾಳೇನೂ ಹಿಂಗೇ ಆದ್ರೆ ನೀವು ನೂಲಿಗೆ ಬಣ್ಣ ಹಾಕ್ಕೊಂಡೇ ಇರಿ, ಇಲ್ಲಿಗೆ ಬರೋದು ಬೇಡ" ಎಂದ.

ಮನೆಗೆ ನಡೆಯುವಾಗ ಮಾವ ಹೇಳಿದರು: "ನಾನು ಎಡವಿದ್ದು ನಿಜ. ಆದ್ರೆ ಚಿತ್ರ ತೆಗೆದೋರು ಆಯಮ್ಮನ ಸುದ್ದೀನ ಒಂದ್ಸಲನಾದ್ರೂ ಮೊದ್ಲೇ ಎತ್ತಬೇಕಿತ್ತು. ಮನೇಲಿರೋರನ್ನ ಬಚ್ಚಿಟ್ಟು, ಕಂಡುಹಿಡೀರಿ ಅಂದ್ರೆ ಅದ್ಯಾವ ನ್ಯಾಯ?"

ಮರುದಿನ ನಾನು ಮತ್ತೆ ಹೋದೆ. ಮಾವ ಯಾರನ್ನೂ ಬಯ್ಯಲಿಲ್ಲ. ಮಹಡಿಯ ಮುಚ್ಚಿದ ಬಾಗಿಲು ಪರದೆಯ ಮೂಲೆಯಲ್ಲಿ ಕಂಡಾಗಲೆಲ್ಲ ಅದಕ್ಕೆ ಕೋಲು ಮುಟ್ಟಿಸಿ, "ಯಜಮಾನ್ರ ತಂಗಿ ಅಲ್ಲೇ ಅವ್ರೆ. ಇವತ್ತೂ ಊಟಕ್ಕೆ ಇಳೀಲಿಲ್ಲ" ಎಂದಷ್ಟೇ ಹೇಳಿದರು. ಚಿತ್ರದಲ್ಲಿ ಇಲ್ಲದ ಮಾತು ಅದು. ಬರಬರುತ್ತ ಜನ ಬೀಡಿ ಹಚ್ಚುವುದನ್ನೂ ಮರೆತು ಆ ಬಾಗಿಲನ್ನೇ ಕಾಯತೊಡಗಿದರು. ಅದು ತೆರೆದಾಗ ಹೆಂಗಸರ ಕಡೆಯಿಂದ ಒಬ್ಬಾಕೆ, "ನಾನು ಆಗ್ಲೇ ಅಂದ್ಕೊಂಡಿದ್ದೆ" ಎಂದಳು, ತೃಪ್ತಿಯಿಂದ. ಆಟ ಮುಗಿದ ಮೇಲೆ ಮಾಲೀಕ ಮಾವನಿಗೆ ಚಾ ಕಳಿಸಿದ.

ಮಾವ ತೀರಿಕೊಂಡದ್ದು ಹೋದ ವರ್ಷ. ಅದರ ಹಿಂದಿನ ವಾರದವರೆಗೂ ಟೆಂಟಿನಲ್ಲಿ ಕಥೆ ಹೇಳುತ್ತಲೇ ಇದ್ದರು. ನಾನು ಈಗಲೂ ಎಂಥ ಕೆಟ್ಟ ಚಿತ್ರದಿಂದಲೂ ನಡುವೆ ಎದ್ದು ಬರುವುದಿಲ್ಲ. ಎಲ್ಲಿ ಒಂದು ಮಾತು ಸೇರಿಸಿದ್ದರೆ ಸರಿಹೋಗುತ್ತಿತ್ತು ಎಂದು ಹುಡುಕುತ್ತ ಕೂತಿರುತ್ತೇನೆ.