ಹೆಬ್ಬೆರಳಿನ ಪಕ್ಕದ ಬೆರಳು

ನನ್ನ ಮೊಮ್ಮಗಳ ಕಾಲಿನ ಹತ್ತೂ ಉಗುರುಗಳು ಕ್ಷೇಮವಾಗಿವೆ. ಬೊಬ್ಬೆ ಎದ್ದಿಲ್ಲ, ಹಿಮ್ಮಡಿ ಸುಲಿದಿಲ್ಲ, ಎಲ್ಲಿಯೂ ರಕ್ತ ಕಟ್ಟಿಲ್ಲ. ನಿನ್ನೆ ಬೆಳಗ್ಗೆ ಗುಡ್ಡ ಹತ್ತಿ, ಕಾಡು ದಾಟಿ, ಆಚೆ ಮಗ್ಗುಲಿನಿಂದ ಓಡುತ್ತಲೇ ಇಳಿದು ಬಂದ ಕಾಲುಗಳಿವು. ಈ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಹಾಲಿನವನಿಗೆ ಹೇಳಿದೆ. ಪಕ್ಕದ ಮನೆಯ ತಮಿಳು ಅಮ್ಮನಿಗೆ ಬೇಲಿಯ ಮೇಲಿಂದಲೇ ಹೇಳಿದೆ. ಅವರು "ಪ್ರೈಜ್ ಬಂತಾ?" ಎಂದು ಕೇಳಿದರು. "ಪ್ರೈಜ್ ಬರ್ಲಿಲ್ಲ, ಉಗುರು ಪೂರ್ತಿ ಬಂದ್ವು" ಎಂದೆ. ಅವರು ನನ್ನನ್ನು ಒಂದು ಥರ ನೋಡಿ, ಬಟ್ಟೆ ಒಣಹಾಕುವುದನ್ನು ಮುಂದುವರಿಸಿದರು. ನಿಮಗಾದರೂ ಸಮಾಧಾನವಾಗಿ ಹೇಳುತ್ತೇನೆ.

ಮೊಮ್ಮಗಳ ಹೆಸರು ಸಿಂಚನಾ. ನನ್ನ ಮಗನ ಮಗಳು, ಪಿಯುಸಿ ಓದುತ್ತಾಳೆ. ನಾವು ಭದ್ರಾವತಿಯ ನ್ಯೂ ಟೌನಿನವರು. ನಮ್ಮ ಯಜಮಾನರು ಇಲ್ಲಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ನಿಂತು ನಿವೃತ್ತರಾದವರು. ಓಡಲು ನಮ್ಮ ಮನೆಯ ಹತ್ತಿರ ನೆಟ್ಟಗಿರುವ ರಸ್ತೆಗಳಿವೆ, ಮೈದಾನವಿದೆ. ಇವಳಿಗೆ ಅದು ಹಿಡಿಸುವುದಿಲ್ಲ. ಸೋಗಾನೆ ಕಡೆಯ ಮಣ್ಣು ದಾರಿ ಬೇಕು, ಕಲ್ಲು ಬೇಕು, ಬೇರು ಬೇಕು, ಏರು ಬೇಕು. ಹಿಂದೆ ಅಟ್ಟಿಸಿಕೊಂಡು ಬರುವ ಪ್ರಾಣಿ ಯಾವುದೂ ಇಲ್ಲದೆ ಮನುಷ್ಯರು ಕಾಡಿನಲ್ಲಿ ಓಡುವುದನ್ನು ನಾನು ನೋಡಿದ್ದು ಇವಳು ಬೆಳೆದ ಮೇಲೆ.

ನನಗೂ ಪಾದರಕ್ಷೆಗಳಿಗೂ ಅಂಥ ಸಲಿಗೆ ಏನೂ ಇಲ್ಲ. ನಾಲ್ಕನೇ ಕ್ಲಾಸಿನವರೆಗೆ ಸ್ಕೂಲಿಗೆ ಹೋಗಿದ್ದು ಬರಿಗಾಲಿನಲ್ಲಿ, ಬಿಟ್ಟು ಬಂದದ್ದೂ ಬರಿಗಾಲಿನಲ್ಲಿ. ಮದುವೆಗೆ ಒಂದು ಜೊತೆ ಚಪ್ಪಲಿ ಕೊಡಿಸಿದರು. ಅದನ್ನು ನಾನು ಹಾಕಿಕೊಂಡದ್ದಕ್ಕಿಂತ ಕೈಯಲ್ಲಿ ಹಿಡಿದುಕೊಂಡು ನಡೆದದ್ದೇ ಹೆಚ್ಚು. ಆಮೇಲೆ ಬಂದದ್ದು ಹವಾಯಿ ಚಪ್ಪಲಿ. ಬಾರು ಕಿತ್ತರೆ ಪಿನ್ನು, ಪಿನ್ನು ಬಿಚ್ಚಿಕೊಂಡರೆ ಇನ್ನೊಂದು ಪಿನ್ನು. ಚಪ್ಪಲಿ ಎಂದರೆ ಕಾಲಿಗೂ ನೆಲಕ್ಕೂ ನಡುವೆ ಏನಾದರೊಂದು ಇದ್ದರೆ ಸಾಕು ಎಂದುಕೊಂಡಿದ್ದವಳು ನಾನು. ಅಳತೆ, ಹಿತ, ಬಾಳಿಕೆ ಎಂದು ಮೂರು ಸಂಗತಿಗಳಿವೆ, ಮೂರೂ ಒಂದೇ ಬೂಟಿನಲ್ಲಿ ಸಿಗುವುದು ಮೂರು ಒಳ್ಳೆಯ ಗುಣ ಒಬ್ಬನೇ ಗಂಡಿನಲ್ಲಿ ಸಿಕ್ಕಷ್ಟೇ ಕಷ್ಟ ಎಂದು ಈ ವಯಸ್ಸಿನಲ್ಲಿ ಕಲಿತೆ.

ಕಲಿತದ್ದು ತಪ್ಪು ಮಾಡಿಯೇ. ನಮ್ಮ ಕಾಲದಲ್ಲಿ ಮಕ್ಕಳಿಗೆ ಚಪ್ಪಲಿ ತರಲು ಮಕ್ಕಳನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಪೊರಕೆಯಿಂದ ತೆಂಗಿನ ಕಡ್ಡಿ ಒಂದನ್ನು ಎಳೆದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಇಟ್ಟು, ಅಷ್ಟಕ್ಕೆ ಮುರಿದು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಮಗು ಮನೆಯಲ್ಲಿ ಆಡಿಕೊಂಡಿರುತ್ತಿತ್ತು, ಅದರ ಕಾಲು ಮಾತ್ರ ಪೇಟೆಗೆ ಹೋಗಿ ಬರುತ್ತಿತ್ತು. ಸಿಂಚನಾಳ ಹುಟ್ಟುಹಬ್ಬಕ್ಕೆ ಅವಳಿಗೆ ತಿಳಿಯದ ಹಾಗೆ ಓಟದ ಬೂಟು ತರಬೇಕು ಎಂದು ನಾನೂ ಯಜಮಾನರೂ ಮಾತಾಡಿಕೊಂಡೆವು. ಅವಳು ಮಧ್ಯಾಹ್ನ ಮಲಗಿದ್ದಾಗ ಮೆಲ್ಲಗೆ ಕಡ್ಡಿ ಇಟ್ಟು ಮುರಿದವಳು ನಾನು. ಅದನ್ನು ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಗಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದವರು ಇವರು.

ಇವರು ತಂದ ಬೂಟನ್ನು ನೀವು ನೋಡಬೇಕಿತ್ತು. ಎತ್ತಿದರೆ ಕೈ ಜಗ್ಗುತ್ತಿತ್ತು. ಕಾರ್ಖಾನೆಯಲ್ಲಿ ಮೂತಿಗೆ ಕಬ್ಬಿಣ ಕೂರಿಸಿದ ಬೂಟು ಹಾಕಿ ಅಭ್ಯಾಸವಾದವರಿಗೆ ಬಾಳಿಕೆ ಎಂದರೆ ಭಾರ.

"ಹತ್ತು ವರ್ಷ ಅಲ್ಲಾಡಲ್ಲ ಇದು" ಎಂದು ಹೆಮ್ಮೆಯಿಂದ ನೆಲಕ್ಕೆ ಕುಟ್ಟಿ ತೋರಿಸಿದರು.

"ಅಜ್ಜ, ನಾನು ಅಲ್ಲಾಡ್ಬೇಕಲ್ಲ" ಎಂದಳು ಹುಡುಗಿ. ಆದರೂ ಹಾಕಿಕೊಂಡಳು. ಅಳೆದು ಹೊಲಿಸಿದ ಹಾಗೆ ಕೂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹಿಗ್ಗಿದೆವು.

ನನಗೆ ಆಗ ಗೊತ್ತಿದ್ದದ್ದು ಬಳೆಯ ಶಾಸ್ತ್ರ. ಬಳೆಗಾರ್ತಿ ಕೈಯನ್ನು ಹಿಸುಕಿ, ಬೆರಳು ಮಡಚಿ, ಕಣ್ಣಲ್ಲಿ ನೀರು ಬರಿಸಿ ಏರಿಸಿದ ಬಳೆಯೇ ಕೈಗೆ ಚೆಂದ. ಸಲೀಸಾಗಿ ಏರಿದ್ದು ಸಲೀಸಾಗಿ ಜಾರಿ ಒಡೆಯುತ್ತದೆ. ಬೂಟಿಗೂ ಇದೇ ಲೆಕ್ಕ ಎಂದುಕೊಂಡಿದ್ದೆ. ಬಳೆ ತೊಟ್ಟ ಕೈ ಗುಡ್ಡದಿಂದ ಓಡಿ ಇಳಿಯುವುದಿಲ್ಲ ಎನ್ನುವುದು ಹೊಳೆಯಲಿಲ್ಲ.

ಕೆಲವು ವಾರ ಕಳೆದ ಮೇಲೆ ಹುಡುಗಿ ಮನೆಯೊಳಗೂ ಸಾಕ್ಸು ಹಾಕಿಕೊಂಡು ಓಡಾಡುತ್ತಿದ್ದಳು. ಭದ್ರಾವತಿಯ ಬೇಸಿಗೆಯಲ್ಲಿ ಸಾಕ್ಸು. ನನಗೆ ಅನುಮಾನ ಬಂದು ಹಿಡಿದು ಎಳೆದೆ. ಹೆಬ್ಬೆರಳಿಗೆ ಏನೂ ಆಗಿರಲಿಲ್ಲ. ಅದರ ಪಕ್ಕದ ಬೆರಳಿನ ಉಗುರು ನೇರಳೆ ಹಣ್ಣಿನಂತೆ ಕಪ್ಪಾಗಿತ್ತು.

"ಯಾಕೆ ಹೇಳ್ಲಿಲ್ಲ?" ಎಂದೆ.

"ಅಜ್ಜ ಅಷ್ಟು ಆಸೆಯಿಂದ ತಂದಿದಾರೆ. ಇಳಿಜಾರಲ್ಲಿ ಬೆರಳು ಮುಂದೆ ಹೋಗಿ ಗುದ್ದುತ್ತೆ ಅಷ್ಟೇ" ಎಂದಳು.

ಆಗ ಅವಳ ಪಾದವನ್ನು ಸರಿಯಾಗಿ ನೋಡಿದೆ. ನನ್ನದೇ ಪಾದ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಕಡ್ಡಿ ಮುಗಿದ ಮೇಲೂ ಆ ಬೆರಳು ಇನ್ನೂ ಸ್ವಲ್ಪ ಉಳಿದಿತ್ತು. ವರ್ಷಾನುಗಟ್ಟಲೆ ಅದೇ ಬೆರಳಿಗೆ ಕಾಲುಂಗುರ ತೊಟ್ಟುಕೊಂಡಿರುವ ನನಗೇ ಅದು ಕಾಣದೆ ಹೋಯಿತು.

ಈ ಬೆರಳಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇದು ಉದ್ದವಿದ್ದ ಹೆಣ್ಣು ಗಂಡನನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಾಳೆ ಎಂದು ನಮ್ಮ ಕಡೆ ನಂಬಿಕೆ. ನನ್ನನ್ನು ನೋಡಲು ಬಂದಾಗ ನಮ್ಮ ಅತ್ತೆ ಮುಖ ನೋಡಿದ್ದು ಕಡಿಮೆ, ಕಣ್ಣೆಲ್ಲ ನೆಲದ ಮೇಲೆ. ನಮ್ಮವ್ವ ಬಲು ಚಾಲಾಕಿ. ಸೀರೆಯ ನಿರಿಗೆ ಪಾದ ಮುಚ್ಚುವಷ್ಟು ಇಳಿಸಿ ಉಡಿಸಿ, ಕಾಲು ಒಳಗೆ ಮಡಚಿ ಕೂರಿಸಿದ್ದಳು. ಮದುವೆಯಲ್ಲಿ ಕಾಲುಂಗುರ ತೊಡಿಸುವಾಗ ಗುಟ್ಟು ರಟ್ಟಾಯಿತು. ಅತ್ತೆ ಉದ್ದಕ್ಕೆ ಉಸಿರು ಬಿಟ್ಟರಂತೆ. ಆ ಬೆರಳಿನ ಅಧಿಕಾರ ನಮ್ಮ ಮನೆಯಲ್ಲಿ ಎಷ್ಟು ನಡೆದಿದೆ ಎಂದರೆ, ನಾನು ಧಾರಾವಾಹಿ ನೋಡುತ್ತಿರುವಾಗಲೇ ಇವರು ಕ್ರಿಕೆಟ್ಟಿಗೆ ಚಾನೆಲ್ ತಿರುಗಿಸುತ್ತಾರೆ.

ಸೊಸೆ ಸವಿತಾ ನರ್ಸು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತೊಳೆದು ಬ್ಯಾಂಡೇಜು ಕಟ್ಟುವುದು ಅವಳ ದಿನದ ಕೆಲಸ. ಸಣ್ಣ ಗಾಯ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಕಣ್ಣಾರೆ ಕಂಡವಳಿಗೆ ಮಗಳ ಕಪ್ಪು ಉಗುರು ತಮಾಷೆಯಾಗಿ ಕಾಣುವುದಿಲ್ಲ. ಉಗುರು ಬಿದ್ದುಹೋದ ದಿನ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಸಿಂಚು, ಉಗುರು ಪೂರ್ತಿ ಬೆಳೀಲಿ. ಆಮೇಲೆ ಒಂದೇ ಒಂದು ಓಟ. ಕಾಲು ಹೋದ ಹಂಗೇ ವಾಪಸ್ ಬಂದ್ರೆ ಸರಿ, ಇಲ್ದಿದ್ರೆ ಇನ್ನು ಗುಡ್ಡದ ಮಾತು ಎತ್ತಬಾರ್ದು. ಕೇರಂ ಆಡ್ಕೊಂಡು ಮನೇಲಿರು" ಎಂದಳು.

ಹುಡುಗಿ ಊಟ ಬಿಟ್ಟು ಎದ್ದಳು. ಇವರು ಆ ಭಾರದ ಬೂಟನ್ನು ಒಯ್ದು ಅಟ್ಟದ ಮೇಲಿಟ್ಟರು. ನಮ್ಮ ಮನೆಯ ನಗು ಎಲ್ಲವೂ ಆ ಒಂದು ಉಗುರಿನ ಕೆಳಗೆ ಸಿಕ್ಕಿಹಾಕಿಕೊಂಡಂತಿತ್ತು.

ಉಗುರು ಬೆಳೆಯುವುದನ್ನು ಕಾಯ್ದು, ಈ ಸಲ ಕಡ್ಡಿ ಬಿಟ್ಟು ಕಾಲನ್ನೇ ಕರೆದುಕೊಂಡು ಶಿವಮೊಗ್ಗಕ್ಕೆ ಹೋದೆ. ಸವಳಂಗ ರಸ್ತೆಯಲ್ಲಿ ಆಟದ ಸಾಮಾನಿನ ಒಂದು ಅಂಗಡಿ. ಸಂಜೆಯೇ ಹೋಗಬೇಕು, ಹೊತ್ತು ಇಳಿಯುವಾಗ ಕಾಲು ಊದಿರುತ್ತದೆ, ಬೂಟು ಆ ಕಾಲಿಗೆ ಹಿಡಿಸಬೇಕು ಎಂದು ಸಿಂಚನಾ ಫೋನಿನಲ್ಲಿ ನೋಡಿ ಹೇಳಿದಳು. ಅದಕ್ಕೆ ಫೋನು ಯಾಕೆ, ಸಂಜೆಯಾದರೆ ಕಾಲುಂಗುರ ಬಿಗಿಯುವುದು ಯಾವ ಹೆಂಗಸಿಗೆ ಗೊತ್ತಿಲ್ಲ. ಓಡುವಾಗ ಹಾಕುವ ದಪ್ಪ ಸಾಕ್ಸನ್ನೂ ಚೀಲಕ್ಕೆ ಹಾಕಿಕೊಂಡಿದ್ದಳು.

ಅಂಗಡಿಯವರು ಕನ್ನಡಕವನ್ನು ನೆತ್ತಿಗೇರಿಸಿ "ಸೈಜ್ ಎಷ್ಟಮ್ಮ?" ಎಂದರು.

"ಸೈಜ್ ಹೇಳಿ ಹೇಳೇ ಕೆಟ್ವಿ. ಕಾಲು ಬಂದಿದೆ, ನೋಡಿ ಕೊಡಿ" ಎಂದೆ.

ಮೊದಲು ಕೊಟ್ಟದ್ದು ಬಣ್ಣದಲ್ಲಿ ಮಾವಿನ ಹಣ್ಣು. ಹುಡುಗಿಯ ಕಣ್ಣು ಅಲ್ಲೇ ನಿಂತಿತು. ಹಾಕಿದರೆ ಪಕ್ಕಕ್ಕೆ ಒತ್ತುತ್ತಿತ್ತು. "ಹಾಕ್ತಾ ಹಾಕ್ತಾ ಸರಿ ಹೋಗುತ್ತಮ್ಮ" ಎಂದರು ಅಂಗಡಿಯವರು. ಮದುವೆಯಾದ ಹೊಸದರಲ್ಲಿ ನನಗೂ ಎಲ್ಲರೂ ಇದೇ ಮಾತು ಹೇಳಿದ್ದರು. ಸರಿಹೋಯಿತು, ಇಲ್ಲ ಎನ್ನುವುದಿಲ್ಲ. ಆದರೆ ಸರಿಹೋದದ್ದು ಬೂಟೋ ಕಾಲೋ ಎಂದು ಯಾರೂ ಕೇಳುವುದಿಲ್ಲ. ಅದನ್ನು ಬಿಚ್ಚಿಸಿದೆ. ಎರಡನೆಯದರಲ್ಲಿ ಬೆರಳಿಗೆ ಜಾಗವಿತ್ತು, ಹಿಮ್ಮಡಿ ಮಾತ್ರ ಹೆಜ್ಜೆಹೆಜ್ಜೆಗೂ ಎದ್ದು ಕೂತು ಮಾಡುತ್ತಿತ್ತು. ಬೊಬ್ಬೆ ಏಳಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದೂ ಬೇಡವಾಯಿತು.

ಮೂರನೆಯದು ನೋಡಲು ಏನೂ ಇಲ್ಲ, ಬೂದಿ ಬಣ್ಣ. ತಳದಲ್ಲಿ ಟ್ರ್ಯಾಕ್ಟರಿನ ಟೈರಿನಂತೆ ಹಲ್ಲುಗಳು. ಮೂತಿಗೆ ಕಲ್ಲು ತಾಗದಂತೆ ರಬ್ಬರಿನ ಅಂಚು. ಹೊಲಿಗೆ, ಅಂಟು ಎಲ್ಲವನ್ನೂ ಉಗುರಿನಿಂದ ಕೆರೆದು ನೋಡಿದೆ. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇಲ್ಲ, ಅಷ್ಟು ಹಗುರ. ಅಂಗಡಿಯವರು ಹೆಬ್ಬೆರಳಿನ ಮುಂದೆ ಒತ್ತಿ "ಜಾಗ ಇದೆ ನೋಡಿ" ಎಂದರು. "ಅಲ್ಲಲ್ಲ, ಅದರ ಪಕ್ಕ ಒತ್ತಿ" ಎಂದೆ. ಒತ್ತಿದರು. ಅಲ್ಲಿಯೂ ಜಾಗವಿತ್ತು.

"ಎಷ್ಟು ದಿನ ಬರುತ್ತೆ ಸ್ವಾಮಿ? ನಮ್ಮನೆಯೋರು ಕೇಳ್ತಾರೆ."

"ಓಡಿದಷ್ಟೂ ಸವೆಯುತ್ತಮ್ಮ. ಓಡ್ದೆ ಸುಮ್ನೆ ಮೂಲೇಲಿಟ್ರೂ ಅಂಟು ಬಿಡುತ್ತೆ. ಯಾವುದ್ರಿಂದ ಹಾಳಾಗ್ಬೇಕು ಅಂತ ನೀವೇ ನೋಡ್ಕೊಳ್ಳಿ" ಎಂದರು. ವ್ಯಾಪಾರದ ಮಾತೇ ಇರಬಹುದು, ಆದರೂ ನನಗೆ ಬಲು ಹಿಡಿಸಿತು.

ಇನ್ನು ಉಳಿದದ್ದು ಇಳಿಜಾರು. ಸಮತಟ್ಟಿನ ನೆಲದ ಮೇಲೆ ಎಲ್ಲ ಬೂಟೂ ಸಾಧುವೇ.

"ಅಂಗಡಿ ಒಳಗೆ ಗುಡ್ಡ ಎಲ್ಲಿಂದ ತರ್ಲಿ ನಾನು?" ಎಂದು ಅವರು ನಕ್ಕರು. ಅಂಗಡಿಯ ಮುಂದೆ ಚರಂಡಿಯ ಮೇಲೆ ಸ್ಕೂಟರು ಹತ್ತಿಸಲು ಸಿಮೆಂಟಿನ ಇಳಿಜಾರು ಇತ್ತು. ಅದನ್ನು ತೋರಿಸಿದೆ. "ತಳ ಹೊಲಸಾದ್ರೆ ಯಾರು ತಗೋತಾರೆ ಅಜ್ಜಿ?" ಎಂದರು. ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಗಳನ್ನು ನಾನೇ ಬಿಚ್ಚಿ ಅದರ ಮೇಲೆ ಹಾಸಿದೆ. ಜಾರದ ಹಾಗೆ ಒಂದು ಅಂಚನ್ನು ನಾನು ಕಾಲಿನಿಂದ ಒತ್ತಿ ಹಿಡಿದೆ, ಇನ್ನೊಂದು ಅಂಚನ್ನು ಅಂಗಡಿಯವರು. ಸಿಂಚನಾ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು, ಮತ್ತೆ ಇಳಿದಳು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬೈಕು ನಿಲ್ಲಿಸಿ "ಏನ್ರೀ, ಶೂಟಿಂಗಾ?" ಎಂದರು. "ಹೌದು, ನಾನೇ ಹೀರೋಯಿನ್ನು. ಸ್ವಲ್ಪ ಜಾಗ ಬಿಡಿ" ಎಂದೆ.

"ಅಜ್ಜಿ, ಬೆರಳು ಗುದ್ತಿಲ್ಲ" ಎಂದಳು.

"ನಿಜ ಹೇಳು. ಅಜ್ಜನ್ನ ಮೆಚ್ಚಿಸಿದ ಹಂಗೆ ನನ್ನ ಮೆಚ್ಚಿಸ್ಬೇಡ."

"ನಿಜ ಕಣೆ ಮಾರಾಯ್ತಿ. ಬೂಟು ಹಾಕಿದೀನಿ ಅನ್ನೋದೇ ಮರೆತು ಹೋಗಿತ್ತು."

ಮರೆತುಹೋಗುವುದೇ ಹಿತ ಎಂದು ಆಗ ತಿಳಿಯಿತು. ಬೂಟಿಗೂ ಅಷ್ಟೆ, ಸೊಂಟಕ್ಕೂ ಅಷ್ಟೆ. ಇದೆ ಎಂದು ನೆನಪಾಗತೊಡಗಿದರೆ ತೊಂದರೆ ಶುರುವಾಗಿದೆ ಎಂದೇ ಅರ್ಥ.

ಮನೆಯಲ್ಲಿ ಯಜಮಾನರು ಬೂಟನ್ನು ಎರಡೂ ಕೈಯಿಂದ ಮಡಚಿ ನೋಡಿ "ಇದೇನು ಬೂಟಾ, ಹತ್ತಿ ದಿಂಬಾ?" ಎಂದರು. ನಾನು ಕಚ್ಚದಿರಲಿ ಎಂದು ಹಿಮ್ಮಡಿಯ ಒಳಗೆ ಕೊಬ್ಬರಿ ಎಣ್ಣೆ ಸವರಲು ಹೋಗಿ ಮೊಮ್ಮಗಳಿಂದ ಬೈಸಿಕೊಂಡೆ. ಮಾರನೆಯ ದಿನದಿಂದ ಅವಳು ಅದನ್ನು ಹಾಕಿಕೊಂಡು ಮಣ್ಣು ದಾರಿಯಲ್ಲಿ ಸ್ವಲ್ಪಸ್ವಲ್ಪವೇ ಓಡಿ ಕಾಲಿಗೆ ರೂಢಿ ಮಾಡಿಕೊಂಡಳು.

ನಿನ್ನೆ ಓಟ ಮುಗಿಯುವ ಜಾಗದಲ್ಲಿ ನಾವೆಲ್ಲ ಮರದ ಕೆಳಗೆ ನಿಂತಿದ್ದೆವು. ಒಬ್ಬೊಬ್ಬರೇ ಕೆಮ್ಮಣ್ಣು ಮೆತ್ತಿಕೊಂಡು ಕಾಡಿನಿಂದ ಹೊರಗೆ ಬರುತ್ತಿದ್ದರು. ಕುಂಟಿಕೊಂಡು ಬಂದವರನ್ನು ಕಂಡಾಗಲೆಲ್ಲ ಸವಿತಾ ನೀರಿನ ಬಾಟಲಿಯ ಮುಚ್ಚಳ ತಿರುವುತ್ತಿದ್ದಳು. ಸಿಂಚನಾ ಬಂದಳು. ಕೊನೆಯ ಇಳಿಜಾರನ್ನು ಕೈ ಅಗಲಿಸಿಕೊಂಡು ಇಳಿದಳು, ಮುಖವೆಲ್ಲ ನಗು. ಮುಖದ ನಗುವನ್ನು ನಂಬುವ ಸ್ಥಿತಿಯಲ್ಲಿ ನಾವು ಇರಲಿಲ್ಲ. ಮೊದಲೂ ನೋವು ಮುಚ್ಚಿಟ್ಟು ನಗುತ್ತಲೇ ಇದ್ದವಳಲ್ಲವೇ.

ಸವಿತಾ ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕುಳಿತು, ಲೇಸು ಬಿಚ್ಚಿ, ಸಾಕ್ಸು ಎಳೆದಳು. ಒಂದೊಂದೇ ಬೆರಳನ್ನು ಒತ್ತಿ, ಉಗುರನ್ನು ಮುಟ್ಟಿ, ಹಿಮ್ಮಡಿಯನ್ನು ತಿರುಗಿಸಿ ನೋಡಿದಳು. ಯಜಮಾನರು ಆಕಾಶ ನೋಡುತ್ತಿದ್ದರು. ನೋಡಿ ಮುಗಿಸಿದವಳು ಆ ಮಣ್ಣು ಕಾಲನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಷ್ಟನೆಯವಳಾಗಿ ಬಂದಳು ಎಂದು ಕೇಳುವುದು ನಮಗೆ ನೆನಪಾದದ್ದು ವಾಪಸು ಬಸ್ಸಿನಲ್ಲಿ. ನಡುವೆ ಎಲ್ಲೋ, ಎಂದಳು.

ಸಂಜೆ ಮುದ್ದೆ, ಹುರುಳಿ ಸಾರು ಮಾಡಿದ್ದೆ. ನಾವು ನೆಲದ ಮೇಲೆ ಕೂತು ಉಣ್ಣುವವರು. ಹುಡುಗಿಯ ಕಾಲೇನೋ ಕ್ಷೇಮ, ತೊಡೆ ಮಾತ್ರ ಹಿಡಿದುಕೊಂಡಿತ್ತು. ಕೂರಲು ಹೋಗಿ ಅರ್ಧಕ್ಕೆ ಗೋಡೆ ಹಿಡಿದು ನಿಂತುಬಿಟ್ಟಳು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊನೆಗೆ ಅವನೇ ಪಾತ್ರೆಗಳನ್ನು ಎತ್ತಿ ಮುಂಬಾಗಿಲ ಕಟ್ಟೆಗೆ ತಂದ. ಅಲ್ಲಾದರೆ ಕಾಲು ಇಳಿಬಿಟ್ಟುಕೊಂಡು ಕೂರಬಹುದು. ಮೊಮ್ಮಗಳು, ಮಗ, ನಾನು, ಯಜಮಾನರು ಸಾಲಾಗಿ ಕೂತೆವು. ಬಡಿಸಿ ಮುಗಿಸಿ ಸವಿತಾ ಕೊನೆಯಲ್ಲಿ ಬಂದು ಕೂತಳು.

"ಅಮ್ಮಾ, ಮಳೆಗಾಲ ಮುಗಿದ ಮೇಲೆ ಇನ್ನೊಂದಿದೆಯಂತೆ" ಎಂದಳು ಸಿಂಚನಾ, ತಟ್ಟೆ ನೋಡಿಕೊಂಡೇ.

ಸವಿತಾ ತುತ್ತು ನುಂಗಿದಳು. "ಹೋಗು. ಆದ್ರೆ ಅತ್ತೆ, ಆ ಅಂಗಡಿಗೆ ನನ್ನೂ ಒಂದ್ಸಲ ಕರ್ಕೊಂಡು ಹೋಗಿ. ದಿನಾ ನಿಂತು ನಿಂತು ನನ್ನ ಕಾಲು ಸೋತು ಹೋಗಿವೆ."

ನಾವೆಲ್ಲ ಬಗ್ಗಿ ನೋಡಿದೆವು. ಅವಳ ಪಾದಗಳು ಊದಿದ್ದವು, ಚಪ್ಪಲಿಯ ಪಟ್ಟಿ ಕೂತಲ್ಲಿ ಕೆಂಪು ಗೆರೆ ಎದ್ದಿತ್ತು. ಒಂದು ಬೆರಳಿನ ಚಿಂತೆಯಲ್ಲಿ ನಾವು ಅದೇ ಮನೆಯಲ್ಲಿ ಓಡಾಡುವ ಈ ಎರಡು ಕಾಲುಗಳನ್ನು ಕಂಡಿರಲೇ ಇಲ್ಲ. ಯಜಮಾನರು ತಾವು ಕೂತಿದ್ದ ಕಡೆಯಿಂದ ಸರಿದು ಅವಳಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟರು. ಅವಳನ್ನು ಏಳಲು ಬಿಡದೆ ಎರಡನೆಯ ಸಲದ ಸಾರನ್ನು ಮಗ ಬಡಿಸಿದ, ಕಟ್ಟೆಯ ಮೇಲೆಲ್ಲ ಚೆಲ್ಲಿಕೊಂಡು. ಯಾರೂ ಬೈಯಲಿಲ್ಲ. ಇನ್ನೊಂದೊಂದು ಮುದ್ದೆ ಹಾಕಿಸಿಕೊಂಡು ಉಂಡೆವು.